ಪರೀಕ್ಷಾ ಮಂದಿರದಲ್ಲಿ ಅರವತ್ತು ನಿಮಿಷ

ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದಾರೆ. ಹೊಟ್ಟೆಪಾಡಿಗಾಗಿ ಬಳ್ಳಾರಿ, ರಾಯಚೂರುಗಳ ಕಡೆಯಿಂದ ವಿಜಯವಾಡದ ಆಟೋನಗರಕ್ಕೋ ವಿಶಾಖಪಟ್ಟಣದ ಆಟೋನಗರಕ್ಕೋ ಬಂದು ಸೇರಿದ ನಾವು ಮೊದಲನೆಯ ಮಾತನ್ನು ಬೇಕಾದುದಕ್ಕಿಂತ ಹೆಚ್ಚಾಗಿಯೇ ನಡೆಸಿದ್ದೇವೆ. ಎರಡನೆಯದಕ್ಕೆ ಮಾತ್ರ ಹೊತ್ತು ಸಾಲದು. ಆದರೂ ಹಗಲೆಲ್ಲ ಲಾರಿಯ ಕೆಳಗೆ ಮಲಗಿ ದುಡಿದು, ಸಂಜೆ ಕೈಯ ಗ್ರೀಸು ತೊಳೆದು ನಮ್ಮ ವಾಚನಾಲಯದ ಬೆಂಚಿನ ಮೇಲೆ ಪುಸ್ತಕ ಬಿಚ್ಚುವ ತರುಣರನ್ನು ನಾವು ದಿನವೂ ಕಾಣುತ್ತೇವೆ. ಅವರಿಗಾಗಿಯೂ, ಲೆಕ್ಕ ಬರೆಯುತ್ತ ಬ್ಯಾಂಕಿನ ಕೆಲಸಕ್ಕೆ ಹಂಬಲಿಸುವ ಗುಮಾಸ್ತ ಸೋದರರಿಗಾಗಿಯೂ ಈ ನಾಲ್ಕು ಮಾತು.

ಮೊದಲು ಒಂದು ನಡೆದ ಸಂಗತಿ. ನಮ್ಮ ಓದುಗರಲ್ಲೊಬ್ಬರು, ಐ.ಟಿ.ಐ. ಮುಗಿಸಿದ ಡೀಸೆಲ್ ಮೆಕ್ಯಾನಿಕ್, ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಕೆಲಸದ ಮೊದಲ ಹಂತದ ಪರೀಕ್ಷೆಗೆ ಕುಳಿತರು. 2024ರ ಪ್ರಕಟಣೆಯಂತೆ ಆ ಹಂತದಲ್ಲಿ 75 ಪ್ರಶ್ನೆ, 60 ನಿಮಿಷ. ಸರಿಯುತ್ತರಕ್ಕೆ ಒಂದು ಅಂಕ. ತಪ್ಪು ಉತ್ತರಕ್ಕೆ ಮೂರನೆಯ ಒಂದಂಶ ಅಂಕ ಕಡಿತ. ಸಾಮಾನ್ಯ ವರ್ಗದವರು ಅರ್ಹರೆನಿಸಲು ನೂರಕ್ಕೆ 40, ಎಂದರೆ 75ಕ್ಕೆ 30 ಅಂಕ ಬೇಕು. ನಮ್ಮ ಸ್ನೇಹಿತರು ಒಂದನ್ನೂ ಬಿಡದೆ 75ಕ್ಕೂ ಉತ್ತರ ಒತ್ತಿದರು. 40 ಸರಿ, 35 ತಪ್ಪು. ಕಡಿತ ಹೋಗಿ ಉಳಿದದ್ದು 28.33. ಗೆರೆಗೆ ಎರಡು ಅಂಕವೂ ಕಡಿಮೆಯಿರಲಿಲ್ಲ, ಆದರೆ ಗೆರೆ ಗೆರೆಯೇ.

ಉತ್ತರಪತ್ರ ಬಂದಾಗ ಅವರೊಡನೆ ಕುಳಿತು ನಾವು ಲೆಕ್ಕ ಹಾಕಿದೆವು. ನಡುವೆ ಬಂದ ಒಂದು ಆಸನ ಜೋಡಣೆಯ ಪ್ರಶ್ನೆಗೆ ಛಲ ಹಿಡಿದು ಒಂಬತ್ತು ನಿಮಿಷ ಕೊಟ್ಟಿದ್ದರು. ಈ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯ ಪಾಲಿಗೆ ಬರುವುದು 48 ಸೆಕೆಂಡು. ಒಂಬತ್ತು ನಿಮಿಷವೆಂದರೆ ಹನ್ನೊಂದು ಪ್ರಶ್ನೆಗಳ ಆಯುಷ್ಯ. ಕೊನೆಯ ಎರಡು ನಿಮಿಷದಲ್ಲಿ ಇಪ್ಪತ್ತು ಪ್ರಶ್ನೆ ಓದದೆ ಉಳಿದಿದ್ದವು. ಗಾಬರಿಯಿಂದ ಕಣ್ಣುಮುಚ್ಚಿ ಒತ್ತಿದರು. ಅವುಗಳಲ್ಲಿ ಮೂರು ಸರಿ, ಹದಿನೇಳು ತಪ್ಪು. ಆ ಇಪ್ಪತ್ತನ್ನು ಮುಟ್ಟದೆ ಬಿಟ್ಟಿದ್ದರೆ 37 ಸರಿ, 18 ತಪ್ಪು, ಕಡಿತ ಆರು, ಉಳಿಯುವುದು 31. ಗೆರೆ ದಾಟಿದಷ್ಟಕ್ಕೆ ಕೆಲಸ ಸಿಕ್ಕಂತಲ್ಲ, ನಿಜ. ಆದರೆ ಗೆರೆ ದಾಟದವನಿಗೆ ಮುಂದಿನ ಮಾತೇ ಇಲ್ಲ.

ಹಾಗಾದರೆ ಊಹಿಸಿ ಉತ್ತರ ಕೊಡಲೇಬಾರದೆ? ಇದಕ್ಕೆ ಅಂಜಿಕೆಯಿಂದಲ್ಲ, ಲೆಕ್ಕದಿಂದ ಉತ್ತರ ಹೇಳಬೇಕು. ನಾಲ್ಕು ಆಯ್ಕೆಗಳುಳ್ಳ ಹನ್ನೆರಡು ಪ್ರಶ್ನೆಗಳನ್ನು ಏನೂ ತಿಳಿಯದೆ ಒತ್ತಿದರೆ ಸರಾಸರಿ ಮೂರು ಸರಿ, ಒಂಬತ್ತು ತಪ್ಪು. ಬಂದದ್ದು ಮೂರು, ಹೋದದ್ದು ಮೂರು. ದಿನವಿಡೀ ದುಡಿದು ಕೂಲಿ ಸೊನ್ನೆ! ಅದೃಷ್ಟ ಒಲಿದರೆ ಲಾಭ, ಮುನಿದರೆ ನಮ್ಮ ಸ್ನೇಹಿತರ ಪಾಡು. ಆದರೆ ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದಿದ್ದರೆ ಹನ್ನೆರಡರಲ್ಲಿ ನಾಲ್ಕು ಸರಿ, ಎಂಟು ತಪ್ಪು. ಒಂದೂಕಾಲು ಅಂಕದ ಮೇಲೆ ಲಾಭ. ಎರಡು ತಪ್ಪೆಂದು ತಿಳಿದಿದ್ದರೆ ಆರು ಸರಿ, ಆರು ತಪ್ಪು. ನಾಲ್ಕು ಅಂಕ ಲಾಭ. ಆದುದರಿಂದ ಸೂತ್ರ ಇಷ್ಟೆ: ಒಂದನ್ನೂ ತಳ್ಳಿಹಾಕಲಾರದ ಪ್ರಶ್ನೆಯನ್ನು ಬಿಡಿ; ಎರಡನ್ನು ತಳ್ಳಿಹಾಕಬಲ್ಲ ಪ್ರಶ್ನೆಯನ್ನು ಎಂದೂ ಬಿಡಬೇಡಿ.

ತಳ್ಳಿಹಾಕುವುದೂ ಒಂದು ವಿದ್ಯೆ. 840ರ ಶೇಕಡ 15 ಎಷ್ಟು? ಆಯ್ಕೆಗಳು 84, 126, 168, 210 ಎಂದಿರಲಿ. ಶೇಕಡ 10 ಎಂದರೆ 84, ಶೇಕಡ 20 ಎಂದರೆ 168. ಉತ್ತರ ಇವೆರಡರ ನಡುವೆ ಇರಲೇಬೇಕು. ನಡುವೆ ಇರುವುದು 126 ಒಂದೇ. ಗುಣಾಕಾರವೇ ಬೇಕಾಗಲಿಲ್ಲ.

ಸಮಯವನ್ನು ಮೂರು ಸುತ್ತಾಗಿ ಹಂಚಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಮೊದಲ ಮೂವತ್ತು ನಿಮಿಷದಲ್ಲಿ ಎಲ್ಲ ಪ್ರಶ್ನೆಗಳ ಮೇಲೂ ಕಣ್ಣಾಡಿಸಿ, ನೋಡಿದೊಡನೆ ಹೊಳೆಯುವುದನ್ನು ಮಾತ್ರ ಮಾಡಿ ಮುಂದೆ ಹೋಗಬೇಕು. ನಂತರದ ಇಪ್ಪತ್ತು ನಿಮಿಷ ಸ್ವಲ್ಪ ಕೈಕೆಲಸ ಬೇಡುವ ಪ್ರಶ್ನೆಗಳಿಗೆ. ಕೊನೆಯ ಹತ್ತು ನಿಮಿಷ ತಳ್ಳಿಹಾಕಿ ಆರಿಸುವುದಕ್ಕೆ. ಸುಲಭ ಪ್ರಶ್ನೆಗೂ ಒಂದೇ ಅಂಕ, ಕಠಿನ ಪ್ರಶ್ನೆಗೂ ಒಂದೇ ಅಂಕ ಎಂಬುದನ್ನು ಮರೆಯಬಾರದು. ಸವೆದ ನಟ್ಟು ಬಿಚ್ಚಿ ಬರದಿದ್ದರೆ ಅದನ್ನು ಬಿಟ್ಟು ಉಳಿದ ನಟ್ಟುಗಳನ್ನು ಬಿಚ್ಚಿಕೊಳ್ಳುವುದು ನಮ್ಮ ಶೆಡ್ಡಿನ ಹುಡುಗನಿಗೂ ಗೊತ್ತು. ಇನ್ನೊಂದು ಎಚ್ಚರಿಕೆ: ಕಂಪ್ಯೂಟರಿನಲ್ಲಿ ಉತ್ತರ ಗುರುತಿಸಿದ ಮೇಲೆ 'ಸೇವ್ ಅಂಡ್ ನೆಕ್ಸ್ಟ್' ಒತ್ತಬೇಕು. ಹಾಗೆ ಮಾಡದೆ ಪಕ್ಕದ ಸಂಖ್ಯೆಯನ್ನು ಒತ್ತಿ ಬೇರೆ ಪ್ರಶ್ನೆಗೆ ಹಾರಿದರೆ ಗುರುತಿಸಿದ ಉತ್ತರ ಉಳಿಯದು.

ಇನ್ನು ಭಾಷೆಯ ವಿಷಯ. ರೈಲ್ವೆಯ ಈ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಅರ್ಜಿ ತುಂಬುವಾಗಲೇ ಭಾಷೆಯನ್ನು ಆರಿಸಬೇಕು. ಆದರೆ ಇಲ್ಲೊಂದು ತೊಡಕಿದೆ. ಶೆಡ್ಡಿನಲ್ಲಿ ನಾವು ರೆಸಿಸ್ಟೆನ್ಸ್ ಎನ್ನುವುದು ಪ್ರಶ್ನೆಪತ್ರಿಕೆಯಲ್ಲಿ 'ರೋಧ' ಎಂದು ಬರುತ್ತದೆ. ಫ್ರಿಕ್ಷನ್ 'ಘರ್ಷಣೆ' ಆಗುತ್ತದೆ. ಆಕ್ಸಿಲರೇಷನ್ 'ವೇಗೋತ್ಕರ್ಷ' ಆಗುತ್ತದೆ. ವಿಷಯ ಬಲ್ಲವನು ಪದ ತಿಳಿಯದೆ ಸೋಲಬಾರದು. ಒಂದು ನೋಟುಪುಸ್ತಕದಲ್ಲಿ ಕೆಲಸದ ಪದವನ್ನೂ ಅದರ ಎದುರಿಗೆ ಪಠ್ಯದ ಪದವನ್ನೂ ದಿನಕ್ಕೆ ಐದರಂತೆ ಬರೆದುಕೊಂಡರೆ ಮೂರು ತಿಂಗಳಲ್ಲಿ ನಾನೂರೈವತ್ತು ಪದಗಳಾಗುತ್ತವೆ. ಹೈಡ್ರಾಲಿಕ್ ಜಾಕಿಯಿಂದ ಲಾರಿಯನ್ನು ಎತ್ತುವವನಿಗೆ ಪಾಸ್ಕಲನ ನಿಯಮ ಹೊಸದೇನಲ್ಲ. ಅದರ ಹೆಸರಷ್ಟೇ ಹೊಸದು.

ಗುಮಾಸ್ತ ಸೋದರರು ಗಮನಿಸಬೇಕು: ಸರಕಾರಿ ಬ್ಯಾಂಕುಗಳ ಗುಮಾಸ್ತ ನೇಮಕದ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ತೀರ್ಮಾನಿಸಿತು. ಆದರೆ ಭಾಷೆ ನೀವು ಆರಿಸಿದ ರಾಜ್ಯವನ್ನು ಹಿಂಬಾಲಿಸುತ್ತದೆ. ಕರ್ನಾಟಕವನ್ನು ಆರಿಸಿದವರಿಗೆ ಕನ್ನಡ, ಆಂಧ್ರವನ್ನು ಆರಿಸಿದವರಿಗೆ ತೆಲುಗು. ಇಲ್ಲಿಯೇ ಓದಿ ಬೆಳೆದ ಮಕ್ಕಳು ಇದನ್ನು ಅರ್ಜಿಗೆ ಮೊದಲೇ ಯೋಚಿಸಲಿ. ಪ್ರಾಥಮಿಕ ಹಂತದಲ್ಲಿ 100 ಪ್ರಶ್ನೆ, 60 ನಿಮಿಷ. ಮೂರು ಭಾಗಗಳಿಗೆ ತಲಾ 20 ನಿಮಿಷ. ಒಂದು ಭಾಗದ ಸಮಯವನ್ನು ಇನ್ನೊಂದಕ್ಕೆ ಒಯ್ಯಲಾಗದು. ಮೂರು ಸುತ್ತುಗಳನ್ನು ಆಯಾ ಇಪ್ಪತ್ತು ನಿಮಿಷದೊಳಗೇ ಮುಗಿಸಬೇಕು. ತಪ್ಪಿಗೆ ಕಡಿತ ಕಾಲು ಅಂಕ.

ಓದುವ ಬಗೆಯ ಕುರಿತು ಒಂದು ಮಾತು. ಓದಿದ್ದನ್ನೇ ನಾಲ್ಕು ಸಲ ಓದಿದರೆ ಬಂದಂತೆ ತೋರುತ್ತದೆ. ಆದರೆ ಅದು ಬರಿಯ ತೋರಿಕೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರ ಕಳೆದ ಮೇಲೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ನೂರಕ್ಕೆ 56ರಷ್ಟನ್ನು ನೆನಪಿಟ್ಟಿದ್ದರೆ, ಮತ್ತೆ ಓದಿದವರು 42ರಷ್ಟನ್ನು ಮಾತ್ರ ಉಳಿಸಿಕೊಂಡಿದ್ದರು. ದಿನಕ್ಕೆ ಒಂದೇ ಗಂಟೆ ದೊರೆಯುವ ದುಡಿಮೆಗಾರನಿಗೆ ಇದು ದೊಡ್ಡ ಉಪಕಾರದ ಸುದ್ದಿ. ಅರ್ಧ ಗಂಟೆ ಓದಿ, ಅರ್ಧ ಗಂಟೆ ಪುಸ್ತಕ ಮುಚ್ಚಿ ಬರೆಯಿರಿ. ತಪ್ಪಾದುದನ್ನು ಮರುದಿನ ಮೊದಲು ನೋಡಿ.

ಕೊನೆಯದಾಗಿ ರಜೆಯ ಸಂಗತಿ. ರೈಲ್ವೆ ಪರೀಕ್ಷೆ ಯಾವ ಊರಿನಲ್ಲಿ, ಯಾವ ದಿನ ಎಂಬ ಸೂಚನೆ ಸುಮಾರು ಹತ್ತು ದಿನ ಮೊದಲು ಬರುತ್ತದೆ; ಪ್ರವೇಶಪತ್ರ ಬರುವುದು ನಾಲ್ಕು ದಿನ ಮೊದಲು. ಊರಿನ ಸೂಚನೆ ಬಂದ ದಿನವೇ ಯಜಮಾನರ ಹತ್ತಿರ ರಜೆ ಕೇಳಬೇಕು, ರೈಲಿನ ಸೀಟನ್ನೂ ಹಿಡಿಯಬೇಕು. ಹಿಂದಿನ ರಾತ್ರಿ ಪಾಳಿ ಮಾಡಿ ನಿದ್ದೆಗಣ್ಣಿನಲ್ಲಿ ಹೋದವನಿಗೆ ಯಾವ ಉಪಾಯವೂ ನೆರವಾಗದು.

ಆ ನಮ್ಮ ಸ್ನೇಹಿತರು ಈಗಲೂ ಸಂಜೆ ಏಳಕ್ಕೆ ಬರುತ್ತಾರೆ. ಗೋಡೆಯ ಗಡಿಯಾರದ ಎದುರಿಗೇ ಕುಳಿತು, 48 ಸೆಕೆಂಡು ಕಳೆದೊಡನೆ ಹಾಳೆ ತಿರುವುತ್ತಾರೆ. ಅವರ ಪಕ್ಕದ ಬೆಂಚಿನಲ್ಲಿ ಇನ್ನೂ ಜಾಗವಿದೆ. ಓದುಗ ಸೋದರರು ಬರಬೇಕು.