ಗುಳಿಗೆ ತಪ್ಪದಂತೆ

ಎಚ್.ಐ.ವಿ. ಸೋಂಕುಳ್ಳವರಿಗೆ ನಮ್ಮ ದೇಶದಲ್ಲಿ ಸರಕಾರವು 2004ನೆಯ ಇಸವಿಯ ಏಪ್ರಿಲಿನಿಂದ ಔಷಧವನ್ನು ಉಚಿತವಾಗಿ ಕೊಡುತ್ತಲಿದೆ. ಈಗ ಬಹುಮಂದಿಗೆ ದಿನಕ್ಕೊಂದೇ ಗುಳಿಗೆ ಸಾಕು. ಅದು ವೈರಾಣುವನ್ನು ನಿರ್ಮೂಲ ಮಾಡಲಾರದು, ವೃದ್ಧಿಯಾಗದಂತೆ ತಡೆಹಿಡಿಯುವುದು. ಪದೇ ಪದೇ ತಪ್ಪಿದರೆ ವೈರಾಣುವು ಮತ್ತೆ ತಲೆಯೆತ್ತಿ, ಔಷಧಕ್ಕೆ ಜಗ್ಗದ ರೂಪವನ್ನೂ ತಾಳಬಹುದು. ಕ್ರಮವಾಗಿ ಸೇವಿಸಿ, ರಕ್ತಪರೀಕ್ಷೆಯಲ್ಲಿ ಅದು ಕಾಣಿಸದಷ್ಟು ಇಳಿದು ಹಾಗೆಯೇ ನಿಂತರೆ, ದಾಂಪತ್ಯ ಸಂಬಂಧದಿಂದ ಗಂಡನಿಗಾಗಲಿ ಹೆಂಡತಿಗಾಗಲಿ ಸೋಂಕು ತಗಲದು. ವಿದ್ಯಾವಂತರಲ್ಲಿಯೂ ಅನೇಕರು ಇದನ್ನರಿಯರೆಂಬುದು ವಿಷಾದಕರ.

ಗುಳಿಗೆ ತಪ್ಪುವುದು ಮರೆವಿನಿಂದ ಮಾತ್ರವೆಂದು ನಾವು ತಿಳಿಯಬಾರದು. ಎಷ್ಟೋ ವೇಳೆ ಮರೆಮಾಚುವಿಕೆಯೇ ಕಾರಣ. ಅತ್ತೆಯ ಮನೆಯಲ್ಲಿ ಅಕ್ಕಿಯ ಡಬ್ಬದೊಳಗೆ ಬಚ್ಚಿಟ್ಟ ಸೀಸೆಯನ್ನು ನೆಂಟರು ತುಂಬಿದ ಹಬ್ಬದ ದಿನ ಸೊಸೆಯು ತೆಗೆಯುವುದೆಂತು? ಹುಟ್ಟಿನಿಂದಲೇ ಸೋಂಕುಳ್ಳ ಹುಡುಗಿಯು ಹಾಸ್ಟೆಲಿನಲ್ಲಿ ಹತ್ತು ಕಣ್ಣುಗಳೆದುರು ಗುಳಿಗೆ ನುಂಗುವುದೆಂತು?

ಇಂಥವರು ನಮ್ಮನ್ನು ನಂಬಿ ಹೇಳಿದುದನ್ನು ಮತ್ತೊಬ್ಬರ ಕಿವಿಗೆ ಹಾಕಕೂಡದು. 2017ನೆಯ ಇಸವಿಯ ಕಾಯಿದೆಯೂ ಇದನ್ನೇ ವಿಧಿಸಿರುವುದು. ಎ.ಆರ್.ಟಿ. ಕೇಂದ್ರಕ್ಕೆ ಹೋಗುವ ದಿನ ಅವರ ಮಗುವನ್ನು ನಾವು ನೋಡಿಕೊಳ್ಳಬಹುದು. ಊಟವಾದೊಡನೆ “ಗುಳಿಗೆ ಆಯಿತೇನಮ್ಮಾ?” ಎಂದು ಮೆಲ್ಲನೆ ಕೇಳಬಹುದು. ಆಗಲಿಲ್ಲವೆಂದರೆ ಗದರಬಾರದು, ಗದರಿದರೆ ನಾಳೆ ‘ಆಯಿತು’ ಎಂದು ಸುಳ್ಳು ಹೇಳುವರು. ತಿಂಗಳುಗಟ್ಟಲೆ ಬಿಟ್ಟವರನ್ನೂ ಕೇಂದ್ರದಲ್ಲಿ ಮರಳಿ ಸೇರಿಸಿಕೊಳ್ಳುವರು. ಬಾಗಿಲವರೆಗೆ ಜೊತೆಗೆ ಬರುವವರಿಲ್ಲದೆಯೇ ಕೆಲವರು ಮನೆಯಲ್ಲಿ ಉಳಿದುಬಿಡುತ್ತಾರೆ.