ಬಿಡಲು ಬಲ್ಲ ಕೈ

ಪುಟ್ಟಿ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ರೇಸ್ ಬಿಟ್ಟ ಆರು ವರ್ಷದ ಥರೋಬ್ರೆಡ್ ಕುದುರೆ ನಿನ್ನ ಲಾಯಕ್ಕೆ ಬಂದು ಎರಡು ತಿಂಗಳಾಗಿದೆ. "ಡಿಸೆಂಬರಿನ ಡ್ರೆಸಾಜ್ ಸ್ಪರ್ಧೆಗೆ ಹೆಸರು ಕೊಡಲಾ ತಾತ? ಕತ್ತು ಎಷ್ಟು ಚೆನ್ನಾಗಿ ಬಗ್ಗಿಸ್ತಾನೆ ಗೊತ್ತಾ!" ಅಂದೆ. ಆ ಕೊನೆಯ ಮಾತು ಕೇಳಿ ನನಗೆ ಭಯವಾಯಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅವನು ಏನೇನು ಕಲಿತು ಬಂದಿದ್ದಾನೆ ಅಂತ ಮೊದಲು ಯೋಚಿಸು. ಮೈ ಬಲಿಯುವ ಮೊದಲೇ ಬೆನ್ನ ಮೇಲೆ ಜೀನು ಬಿದ್ದಿದೆ. ರೇಸಿನಲ್ಲಿ ಜಾಕಿ ಲಗಾಮು ಬಿಗಿ ಹಿಡಿದರೆ ಕುದುರೆ ಆ ಬಿಗಿಗೇ ಒರಗಿಕೊಂಡು ಇನ್ನೂ ಜೋರಾಗಿ ಓಡುತ್ತದೆ. ಈಗ ನಿಲ್ಲಿಸಬೇಕೆಂದು ನೀನು ಎಳೆದರೆ ಅವನಿಗೆ 'ಓಡು' ಅಂತಲೇ ಕೇಳಿಸುತ್ತದೆ. ಅದು ಮೊಂಡುತನವಲ್ಲ, ಕಲಿಸಿದ್ದನ್ನು ನಿಷ್ಠೆಯಿಂದ ಮಾಡುತ್ತಿದ್ದಾನೆ, ಅಷ್ಟೆ. ಕಡಿವಾಣ ಕೂರುವುದು ದವಡೆಯ ಹಲ್ಲಿಲ್ಲದ ಜಾಗದಲ್ಲಿ. ಅಲ್ಲಿ ಮೂಳೆಯ ಮೇಲೆ ಇರುವುದು ತೆಳ್ಳನೆಯ ಚರ್ಮ ಮಾತ್ರ. ನೀನು ಇನ್ನಷ್ಟು ಎಳೆದಿರಬೇಕು, ಅವನು ಬಾಯಿ ಉಳಿಸಿಕೊಳ್ಳಲು ಗದ್ದವನ್ನು ಎದೆಗೆ ಒತ್ತಿಕೊಂಡಿರಬೇಕು. ಅದನ್ನು ನೀನು ವಿದ್ಯೆ ಅಂದುಕೊಂಡಿದ್ದೀಯ.

ಡ್ರೆಸಾಜ್ ಅನ್ನುವ ಫ್ರೆಂಚ್ ಮಾತಿಗೆ ತರಬೇತಿ ಎಂದೇ ಅರ್ಥ. ಕುಣಿಸುವುದು ಅಂತಲ್ಲ. ಆ ತರಬೇತಿ ಶುರುವಾಗುವುದು ಹಿಂಗಾಲಿನಿಂದ. ಕುದುರೆಗೆ ನಮಗಿರುವ ಹಾಗೆ ಕಾಲರ್ ಬೋನ್ ಇಲ್ಲ. ಎರಡು ಮುಂಗಾಲುಗಳ ನಡುವೆ ಅದರ ಎದೆಗೂಡು ಬರೀ ಸ್ನಾಯುಗಳ ಜೋಲಿಯಲ್ಲಿ ತೂಗಿಕೊಂಡಿದೆ. ಸುಮ್ಮನೆ ನಿಂತಾಗಲೂ ಮೈಭಾರದ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ. ನಾವು ಹತ್ತಿ ಕೂತರೆ ಆ ಹೊರೆ ಇನ್ನೂ ಹೆಚ್ಚುತ್ತದೆ. ಬೆನ್ನನ್ನು ಮೇಲೆತ್ತಿ, ಹಿಂಗಾಲಿನ ಕೀಲುಗಳನ್ನು ಬಗ್ಗಿಸಿ, ಭಾರವನ್ನು ಹಿಂದಕ್ಕೆ ತೆಗೆದುಕೊಳ್ಳುವ ಶಕ್ತಿ ಬಂದಾಗ ಕತ್ತು ತಾನಾಗಿ ಕಮಾನಾಗುತ್ತದೆ. ನೀನು ಭರತನಾಟ್ಯ ಕಲಿತವಳು. ಅರೆಮಂಡಿಯಲ್ಲಿ ತೊಡೆ ನಡುಗಿ ಅಳುತ್ತಾ ಮನೆಗೆ ಬರುತ್ತಿದ್ದ ದಿನಗಳು ನನಗೆ ನೆನಪಿವೆ. ನಿಮ್ಮ ಟೀಚರು ನಿನ್ನ ತಲೆ ಹಿಡಿದು ಕೆಳಕ್ಕೆ ಒತ್ತಿ ಕೂರಿಸಲಿಲ್ಲವಲ್ಲ. ಸವಾರರು ಕಲೆಕ್ಷನ್ ಅನ್ನುವುದು ಕುದುರೆಯ ಅರೆಮಂಡಿ. ಕುದುರೆಯ ಬೆನ್ನುಮೂಳೆಯ ಬೆಳವಣಿಗೆ ಮುಗಿಯುವುದೇ ಐದಾರು ವರ್ಷಕ್ಕೆ. ನಿನ್ನವನ ಮೈ ಈಗಷ್ಟೇ ಪಾಠಕ್ಕೆ ಸಿದ್ಧವಾಗುತ್ತಿದೆ. ಜರ್ಮನ್ನರು ಈ ದಾರಿಗೆ ಆರು ಮೆಟ್ಟಿಲು ಹೇಳುತ್ತಾರೆ. ಮೊದಲು ಲಯ, ಆಮೇಲೆ ಮೈಯ ಸಡಿಲಿಕೆ, ಕೈಯ ಸಂಪರ್ಕ, ಹುರುಪು, ನೇರತನ, ಕಟ್ಟಕಡೆಗೆ ಕಲೆಕ್ಷನ್. ನೀನು ಕೊನೆಯ ಮೆಟ್ಟಿಲನ್ನು ಕೈಬಲದಿಂದ ಮೊದಲೇ ಹತ್ತಲು ಹೊರಟಿದ್ದೀಯ.

ನಾನೂ ಅದೇ ತಪ್ಪು ಮಾಡಿದವನು. ಆಗ ನನಗೆ ಇಪ್ಪತ್ತೆಂಟು. ಕೈಗೆ ಒಂದು ಬೂದು ಬಣ್ಣದ ಹೆಣ್ಣು ಕುದುರೆ ಸಿಕ್ಕಿತ್ತು, ಸ್ಪರ್ಧೆಗೆ ಮೂರೇ ವಾರವಿತ್ತು. ಜೀನಿನ ಹೊಟ್ಟೆಪಟ್ಟಿಯಿಂದ ಕಡಿವಾಣದ ಮೂಲಕ ಕೈಗೆ ಬರುವ ಡ್ರಾ ರೇನ್ ಕಟ್ಟಿ ತಲೆಯನ್ನು ಕೆಳಗಿಳಿಸಿದೆ. ರಿಬ್ಬನ್ ಬಂತು. ಆಮೇಲೆ ನಾನು ಜೀನು ಹೊತ್ತು ಬರುವುದು ಕಂಡರೆ ಅದು ಕಿವಿ ಹಿಂದಕ್ಕೆ ಮಡಚಿ ಗೋಡೆಗೆ ಸರಿಯುತ್ತಿತ್ತು. ಬೆನ್ನಿನ ಮೇಲೆ ಬೆರಳಿಟ್ಟರೆ ಸೊಂಟ ಕುಸಿಯುತ್ತಿತ್ತು. ಒಂಬತ್ತು ತಿಂಗಳು ಅದನ್ನು ಹತ್ತದೆ, ಪಕ್ಕದಲ್ಲಿ ನಡೆದುಕೊಂಡೇ ಕೆಲಸ ಮಾಡಿಸಿದೆ. ರಿಬ್ಬನ್ ಬಂದದ್ದು ನನಗೆ, ನೋವು ಬಂದದ್ದು ಅದಕ್ಕೆ.

ನೀನು ಒಬ್ಬಳೇ ಹೆಣಗಬೇಡ ಅಂತ ಹೇಳುವುದು ಇದಕ್ಕೇ. ಹೊಸ ಸವಾರ, ಹೊಸ ಕುದುರೆ ಇಬ್ಬರೇ ಆದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಪಾಠವಾಗುತ್ತದೆ. ನೆಲದ ಮೇಲೆ ನಿಂತು ನೋಡುವ ಕಣ್ಣೊಂದು ಬೇಕು. ನಮ್ಮ ಕಾಲದಲ್ಲಿ ಉಸ್ತಾದ್ ಅನ್ನುತ್ತಿದ್ದೆವು, ನೀವು ಟ್ರೇನರ್ ಅನ್ನುತ್ತೀರಿ. ಅವರ ಕೈಗೆ ಕುದುರೆ ಒಪ್ಪಿಸಿ, ತಯಾರಾದ ಮೇಲೆ ವಾಪಸು ಪಡೆಯುವ ವ್ಯವಹಾರ ಇದಲ್ಲ. ಐದು ನಿಮಿಷ ಹತ್ತಿ ಅವನ ಮೈ ಹೇಗಿದೆ ಅಂತ ತಿಳಿದುಕೊಳ್ಳಲಿ, ಆಮೇಲೆ ಇಳಿದು ನಿನ್ನನ್ನು ಕೂರಿಸಲಿ. ಅವರು ತಿದ್ದುವುದು ಮುಖ್ಯವಾಗಿ ನಿನ್ನನ್ನು.

ನನ್ನ ಉಸ್ತಾದರು ವಾಕ್‌ನಲ್ಲಿ ನಡೆಸುತ್ತಲೇ ಕೇಳುತ್ತಿದ್ದರು: "ಈಗ ಯಾವ ಹಿಂಗಾಲು ಏಳ್ತಾ ಇದೆ? ಬಗ್ಗಿ ನೋಡಬೇಡ, ಹೇಳು." ತಿಂಗಳುಗಟ್ಟಲೆ ತಪ್ಪು ಹೇಳಿದೆ. ಒಂದು ಬೆಳಿಗ್ಗೆ ತಿಳಿಯಿತು. ಎಡ ಹಿಂಗಾಲು ಎದ್ದು ಮುಂದೆ ಬರುವಾಗ ಹೊಟ್ಟೆ ಬಲಕ್ಕೆ ತೂಗುತ್ತದೆ, ನನ್ನ ಎಡ ಸೊಂಟ ಒಂದಿಷ್ಟು ಕೆಳಗಿಳಿಯುತ್ತದೆ. ನಿನ್ನ ಎಡ ಕಾಲಿನ ಮಾತು ಅವನಿಗೆ ಉಪಯೋಗಕ್ಕೆ ಬರುವುದು ಆ ಕ್ಷಣದಲ್ಲೇ. ಆ ಕಾಲು ನೆಲಕ್ಕೆ ಊರಿ ಭಾರ ಹೊತ್ತ ಮೇಲೆ ಒತ್ತಿದರೆ ಅವನೇನು ಮಾಡಿಯಾನು? ಟ್ರೇನರ್ ನೋಡಿ ಹೇಳುವಷ್ಟರಲ್ಲಿ ಆ ಕ್ಷಣ ದಾಟಿರುತ್ತದೆ. ಅವರ ಕಣ್ಣು ಕಂಡದ್ದನ್ನು ನಿನ್ನ ಸೊಂಟ ಮೊದಲೇ ಅರಿಯುವವರೆಗೆ ಅವರು ಬೇಕು. ಆಮೇಲೂ ಬೇಕು, ಯಾಕೆಂದರೆ ನಮ್ಮ ಭುಜ ವಾಲಿದ್ದು ನಮಗೆ ಎಂದೂ ತಿಳಿಯುವುದಿಲ್ಲ.

ಇನ್ನು ಈ ಬರಹಕ್ಕೆ ಮೂಲವಾದ ಮಾತು. ಫ್ರಾನ್ಸಿನ ಸವಾರಿ ಗುರು ಗೆರಿನಿಯೇರ್ 1733ರಲ್ಲಿ ತನ್ನ ದೊಡ್ಡ ಗ್ರಂಥ ಪ್ರಕಟಿಸಿದ. ಇಂದಿಗೂ ಎಲ್ಲ ಸವಾರರೂ ಮಾಡುವ ಶೋಲ್ಡರ್-ಇನ್ ಪಾಠ ಅವನ ಕೊಡುಗೆ. ಗೋಡೆಯ ಪಕ್ಕ ನಡೆಯುತ್ತಾ ಕುದುರೆಯ ಭುಜಗಳನ್ನು ಮಾತ್ರ ಸ್ವಲ್ಪ ಒಳಕ್ಕೆ ತರುವುದು. ಆಗ ಒಳಗಿನ ಹಿಂಗಾಲು ಹೊಟ್ಟೆಯ ಕೆಳಗೆ ಬಂದು ಭಾರ ಹೊರಲು ಕಲಿಯುತ್ತದೆ. ನಾವು ಮಾಡುವ ತಪ್ಪು ಒಂದೇ, ಒಳ ಲಗಾಮು ಎಳೆದು ಬರೀ ಕತ್ತು ತಿರುಗಿಸುವುದು. ನೋಡುವವರಿಗೆ ಶೋಲ್ಡರ್-ಇನ್ ಹಾಗೆ ಕಾಣುತ್ತದೆ, ಹಿಂಗಾಲು ಮಾತ್ರ ಏನೂ ಕಲಿತಿರುವುದಿಲ್ಲ. ಒಳ್ಳೆಯ ಟ್ರೇನರ್ ಅಲ್ಲಿಂದಲೇ "ಬಿಡು" ಅನ್ನುತ್ತಾರೆ. ಎರಡು ಹೆಜ್ಜೆ ಸರಿಯಾಗಿ ಬಂತೋ, ಒಳಗೈ ಮುಂದಕ್ಕೆ ಕೊಡು, ಕಾಲು ಸುಮ್ಮನಾಗಲಿ. ಆ ಬಿಡುವಿನಲ್ಲೇ ಅವನಿಗೆ 'ಹೌದು, ಇದೇ' ಅಂತ ತಿಳಿಯುವುದು. ಬೆಲ್ಲದ ಚೂರು ಆಮೇಲೆ ಕೊಟ್ಟರಾಯಿತು. ಗೆರಿನಿಯೇರನೂ ಕೈ ಇಳಿಸಿ ಬಿಡುವುದನ್ನು ದೊಡ್ಡ ಸಾಧನವೆಂದೇ ಎಣಿಸಿದ್ದ. ಹಿಡಿಯಲು ಎಲ್ಲರಿಗೂ ಬರುತ್ತದೆ ಪುಟ್ಟಿ. ಸರಿಯಾದ ಕ್ಷಣಕ್ಕೆ ಬಿಡಲು ಬರುವ ಕೈ ಬೇಕು. ಅದನ್ನು ನಿನಗೆ ಕಲಿಸುವವರು ಯಾರೋ ಅವರೇ ನಿನ್ನ ಗುರು.

ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಹೊಸ ಹುಡುಗರಿಗೆ ಮೊದಮೊದಲು ಲಗಾಮೂ ಇಲ್ಲ, ಕಾಲಿಡುವ ರಿಕಾಬೂ ಇಲ್ಲ. ನುರಿತ ಹಳೆಯ ಕುದುರೆಯ ಮೇಲೆ ಕೂರಿಸಿ ಉದ್ದ ಹಗ್ಗದಲ್ಲಿ ಸುತ್ತು ಹಾಕಿಸುತ್ತಾರೆ. ಕುದುರೆಯ ಬಾಯಿಗೆ ತೊಂದರೆ ಕೊಡದೆ ಕೂರಲು ಬಂದ ಮೇಲೆಯೇ ಕೈಗೆ ಲಗಾಮು. ಆಲೋಯಿಸ್ ಪೋಡ್ಹಾಯ್ಸ್ಕಿ ಆಸ್ಟ್ರಿಯದ ಸೈನ್ಯಾಧಿಕಾರಿ, ಪಳಗಿದ ಸವಾರ. ಅಂಥವನೂ 1933ರಲ್ಲಿ ಆ ಶಾಲೆಗೆ ಹೋಗಿ ವಿದ್ಯಾರ್ಥಿಯಾದ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ. ಅವನ ಕೆಳಗಿದ್ದ ನೀರೋ ನಿನ್ನವನ ಹಾಗೆಯೇ ಥರೋಬ್ರೆಡ್. ಈ ತಳಿಗೆ ಡ್ರೆಸಾಜ್ ಒಗ್ಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬಗ್ಗೆಯೂ ತಿಳಿದುಕೊ. 1944ರಲ್ಲಿ ಪೋಲಿಯೊ ಬಂದು ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿತು. ಕುದುರೆ ಹತ್ತಲೂ ಇಳಿಯಲೂ ಬೇರೆಯವರ ಸಹಾಯ ಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಹೆಂಗಸರಿಗೆ ಮೊದಲ ಬಾರಿ ಡ್ರೆಸಾಜ್ ಬಾಗಿಲು ತೆರೆದಾಗ, ಜುಬಿಲಿ ಅನ್ನುವ ಹೆಣ್ಣು ಕುದುರೆಯ ಮೇಲೆ ಬೆಳ್ಳಿ ಗೆದ್ದಳು. ಹಿಮ್ಮಡಿ ಒತ್ತುವ ಕಾಲೇ ಇಲ್ಲದವಳು ಕೂರುವ ರೀತಿಯಿಂದ, ಮೈಭಾರದಿಂದ ಮಾತಾಡಿಸಿದಳು. ನಿನ್ನ ಟ್ರೇನರ್ ರಿಕಾಬು ತೆಗೆಸಿ ಕೂರಿಸಿದ ದಿನ ಮುಖ ಸಪ್ಪೆ ಮಾಡಿಕೊಳ್ಳದೆ ಅವಳನ್ನು ನೆನೆದುಕೊ.

ಟ್ರೇನರ್ ಆರಿಸುವಾಗ ಪದಕ ನೋಡಿ ಮರುಳಾಗಬೇಡ. ಒಲಿಂಪಿಕ್ ಚಿನ್ನ ಗೆದ್ದ ಬ್ರಿಟಿಷ್ ಸವಾರರೊಬ್ಬರು ಪಾಠ ಹೇಳುವಾಗ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾಟಿ ಬೀಸಿದ ವಿಡಿಯೊ ಹೊರಬಂದು, 2024ರ ಪ್ಯಾರಿಸ್ ಕ್ರೀಡಾಕೂಟದಿಂದ ಹಿಂದೆ ಸರಿಯಬೇಕಾಯಿತು. ಅವರಿಗೆ ಒಂದು ವರ್ಷ ನಿಷೇಧವೂ ಆಯಿತು. ಆ ಪಾಠ ಹೇಳಿಸಿಕೊಳ್ಳುತ್ತಿದ್ದ ಎಳೆಯ ಸವಾರರ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ದೊಡ್ಡವರ ಎದುರು 'ಸಾಕು' ಅನ್ನುವುದು ಕಷ್ಟ. ಆದರೂ ಅನ್ನಬೇಕು. ಜೀನಿನ ಮೇಲೆ ಕೂತವಳು ನೀನು, ಅವನ ಪರವಾಗಿ ಬಾಯಿ ಬಿಡಬಲ್ಲವಳು ನೀನೊಬ್ಬಳೇ. ಟ್ರೇನರ್ ಹತ್ತಿರ ಇರುವ ಹಳೆಯ ಕುದುರೆಗಳನ್ನು ಹೋಗಿ ನೋಡು. ಹದಿನೈದು, ಹದಿನೆಂಟು ವರ್ಷದವು ಇನ್ನೂ ಗಟ್ಟಿ ಕಾಲಿನಲ್ಲಿ ನಡೆಯುತ್ತಿವೆಯೇ, ಬೆನ್ನು ತುಂಬಿಕೊಂಡಿದೆಯೇ, ಆ ವ್ಯಕ್ತಿ ಲಾಯದೊಳಗೆ ಬಂದರೆ ತಲೆ ಹೊರಗೆ ಚಾಚುತ್ತವೆಯೇ? ಪಾಠದ ಕೊನೆಯ ಹತ್ತು ನಿಮಿಷವೂ ನೋಡು. ಲಗಾಮು ಉದ್ದ ಬಿಟ್ಟಾಗ ಕುದುರೆ ಕತ್ತನ್ನು ಮುಂದಕ್ಕೆ, ಕೆಳಕ್ಕೆ ಚಾಚಿ ಮೂಗು ಸೀಟಿದರೆ ಆ ದಿನದ ಪಾಠ ಚೆನ್ನಾಗಿತ್ತು ಅಂತ ತಿಳಿ.

ಉಳಿದದ್ದು ಚಿಕ್ಕ ವಿಷಯಗಳು, ಆದರೆ ದಿನವೂ ಮಾಡಬೇಕಾದವು. ಮೂಗುಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ರೇಸ್ ಬಿಟ್ಟ ಕುದುರೆಯ ಬೆನ್ನು ತಿಂಗಳು ತಿಂಗಳಿಗೆ ಆಕಾರ ಬದಲಿಸುತ್ತದೆ, ಜೀನು ಸರಿಯಾಗಿ ಕೂರುತ್ತಿದೆಯೇ ಅಂತ ಆಗಾಗ ತೋರಿಸು. ವಾರದಲ್ಲಿ ಎರಡು ದಿನ ಮೈದಾನದ ಮರಳು ಬಿಟ್ಟು ತೋಟದ ದಾರಿಯಲ್ಲಿ ಉದ್ದ ಲಗಾಮಿನಲ್ಲಿ ನಡೆಸು. ಕುದುರೆ ನೋಡಿಕೊಳ್ಳುವ ಸೈಸ್ ಹೇಳುವ ಮಾತು ಕೇಳು. ಅವನು ನಿನಗಿಂತ ಹೆಚ್ಚು ಹೊತ್ತು ಆ ಕುದುರೆಯ ಜೊತೆ ಇರುತ್ತಾನೆ. ಕುದುರೆ ಇವತ್ತು ಮೇವು ಬಿಟ್ಟಿದೆ, ಎಡಗಾಲು ಬಿಸಿ ಇದೆ ಅಂತ ಮೊದಲು ಗೊತ್ತಾಗುವುದು ಅವನಿಗೆ.

2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ನಾಲ್ವರು ಡ್ರೆಸಾಜ್ ತಂಡದ ಚಿನ್ನ ತಂದಾಗ ನೀನು ಟಿವಿ ಮುಂದೆ ಕುಣಿದದ್ದು ನೆನಪಿದೆ. ಕುದುರೆ ಸವಾರಿಯಲ್ಲಿ 41 ವರ್ಷದ ಮೇಲೆ ಬಂದ ಚಿನ್ನ ಅದು. ಈ ದಾರಿಗೆ ನೀನು ಬಂದದ್ದು ಆ ದಿನದಿಂದಲೇ. ಟಿವಿಯಲ್ಲಿ ನೀನು ಕಂಡದ್ದು ಕೆಲವೇ ನಿಮಿಷ. ಮನೆ ಬಿಟ್ಟು ಯುರೋಪಿನ ಲಾಯಗಳಲ್ಲಿ ಅವರು ಕಳೆದ ವರ್ಷಗಳು ಅದರಲ್ಲಿ ಬರಲಿಲ್ಲ.

ಹಾಗಾಗಿ ಡಿಸೆಂಬರಿಗೆ ಹೆಸರು ಕೊಡಬೇಡ. ಬರುವ ಭಾನುವಾರ ಟ್ರೇನರನ್ನು ಕರೆದು, ಲಗಾಮು ಸಡಿಲ ಮಾಡಿ, ಇಪ್ಪತ್ತು ನಿಮಿಷ ಬರೀ ವಾಕ್‌ನಲ್ಲಿ ನಡೆಸು. ಅವನು ಗದ್ದವನ್ನು ಎದೆಯಿಂದ ಬಿಡಿಸಿ ಕತ್ತು ಮುಂದಕ್ಕೆ ಚಾಚಿದ ದಿನ, ರಾತ್ರಿ ಎಷ್ಟೇ ಹೊತ್ತಾಗಿರಲಿ, ನನಗೆ ಫೋನ್ ಮಾಡು.