ಹುತ್ತದೊಳಗೆ ಯಾರ ಮೊಟ್ಟೆ?

ಹೊಲದ ಬದುವಿನಲ್ಲಿ ನಾವೆಲ್ಲ ಹುತ್ತ ನೋಡಿದ್ದೇವೆ. ನಾಗರ ಪಂಚಮಿಗೆ ಹಾಲು ಎರೆಯುತ್ತೇವೆ. ಹುತ್ತ ಕಟ್ಟಿದ್ದು ಯಾರು? ಹಾವಲ್ಲ. ಗೆದ್ದಲು. ಮಣ್ಣಿಗೆ ಎಂಜಲು ಸೇರಿಸಿ ಕಟ್ಟುತ್ತದೆ.

ಹುತ್ತದೊಳಗೆ ಬಿಸಿಲು ತಾಗೋದಿಲ್ಲ. ತೇವ ಇರುತ್ತದೆ. ಮೊಟ್ಟೆ ಒಣಗೋದಿಲ್ಲ. ಅದಕ್ಕೇ ನಾಗರಹಾವು ಇಲಿ ಬಿಲದಲ್ಲಿ, ಹುತ್ತದಲ್ಲಿ ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ 10ರಿಂದ 30 ಮೊಟ್ಟೆ. ತಾಯಿ ಹಾವು ಹತ್ತಿರವೇ ಕಾಯುತ್ತದೆ. ಸುಮಾರು 2 ತಿಂಗಳಿಗೆ ಮರಿ ಹೊರಗೆ ಬರುತ್ತವೆ. ಮರಿಗೂ ವಿಷ ಇರುತ್ತದೆ.

ಉಡವೂ ಕೆಲವು ಸಲ ಹುತ್ತ ಕೆರೆದು ಮೊಟ್ಟೆ ಇಡುತ್ತದೆ. ಮೇಲೆ ಮಣ್ಣು ಮುಚ್ಚುತ್ತದೆ. ಉಡ ಹುಳು ಹುಪ್ಪಟೆ ತಿನ್ನುತ್ತದೆ. ಉಡ ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ.

ಸೌದೆಗೆ, ಹುಲ್ಲಿಗೆ ಹೋದಾಗ ಹುತ್ತದ ತೂತಿಗೆ ಕೈ ಹಾಕಬಾರದು. ಮಕ್ಕಳಿಗೂ ಹೇಳೋಣ. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು. ಬಿಗಿಯಾಗಿ ಕಟ್ಟಬಾರದು. ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬಾರದು. ಕಚ್ಚಿದ ಕೈಕಾಲು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ವಿಷ ಇಳಿಸುವ ಸೂಜಿಮದ್ದು ಸಿಗುವುದು ಅಲ್ಲಿಯೇ.

ಓದಿ ಹೇಳೋಣ:
1. ಹುತ್ತ ಕಟ್ಟುವುದು ಯಾರು?
2. ಹಾವು ಹುತ್ತದಲ್ಲಿ ಮೊಟ್ಟೆ ಇಡುವುದು ಏಕೆ?
3. ಹಾವು ಕಚ್ಚಿದರೆ ಏನು ಮಾಡಬೇಕು?